ಫೋಟೋ ಹಿಂದೆ ಒಂದು ಸಾಲು ಬರೆದಿಡಿ

ಕೇಳುಗರಿಗೆ ನಮಸ್ಕಾರ.

ಹಳೆಯ ಬೆಂಗಳೂರಿನ ಫೋಟೋಗಳ ಬಗ್ಗೆ ಮಾತಾಡಿ, ಈಗ ಇಲ್ಲದ ಕಟ್ಟಡ, ಸೇತುವೆಗಳ ಬಗ್ಗೆ ಹೇಳಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ಸಂತೋಷ. ಆದರೆ ರೇಡಿಯೋದಲ್ಲಿ ಫೋಟೋ ತೋರಿಸುವುದು ಹೇಗೆ? ಅದಕ್ಕೇ ನಿಮ್ಮ ಮನೆಯ ಫೋಟೋಗಳನ್ನೇ ಇಟ್ಟುಕೊಂಡು ಮಾತಾಡುತ್ತೇನೆ. ಇದ್ದೇ ಇರುತ್ತವೆ. ಬೀರುವಿನ ಮೇಲಿನ ಸೂಟ್‌ಕೇಸಿನಲ್ಲಿ, ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ, ದೇವರ ಮನೆಯ ಅಟ್ಟದ ಮೇಲೆ. ಎಲ್ಲಿದೆ ಅಂತ ನಿಮ್ಮ ಮನೆಯ ಹಿರಿಯರಿಗೆ ಗೊತ್ತು. ಈಗಲೇ ಕೇಳಿ.

ಇವತ್ತು ನಾನು ಹೇಳುವುದು ಒಂದೇ ವಿಷಯ. ಮನೆಯಲ್ಲಿರುವ ಪ್ರತಿಯೊಂದು ಹಳೆಯ ಫೋಟೋದ ಹಿಂದೆ ಒಂದು ಸಾಲು ಬರೆಯಿರಿ. ಎಲ್ಲಿ ತೆಗೆದದ್ದು, ಯಾವಾಗ, ಯಾರ್ಯಾರಿದ್ದಾರೆ. ಪೆನ್ಸಿಲಿನಲ್ಲಿ ಬರೆಯಿರಿ. ಇಷ್ಟೇ. ಇದನ್ನೇ ಇನ್ನೂ ಎಷ್ಟು ಸಲ ಹೇಳುತ್ತೇನೋ, ಬೇಜಾರು ಮಾಡಿಕೊಳ್ಳಬೇಡಿ.

ಯಾಕೆ ಬರೆಯಬೇಕು? ಈ ಊರಿನಲ್ಲಿ ಏನೂ ನಿಂತಲ್ಲಿ ನಿಲ್ಲುವುದಿಲ್ಲ, ಅದಕ್ಕೆ. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತಾ ನಿಲ್ಲುತ್ತೀರಲ್ಲ, ಅದು ಧರ್ಮಾಂಬುಧಿ ಕೆರೆಯ ಅಂಗಳ. ಕಂಠೀರವ ಕ್ರೀಡಾಂಗಣದಲ್ಲಿ ಓಟದ ಸ್ಪರ್ಧೆ ನಡೆಯುವುದು ಸಂಪಂಗಿ ಕೆರೆಯಲ್ಲಿ. ಮೆಜೆಸ್ಟಿಕ್ ಅನ್ನುವ ಹೆಸರು ಕೊಟ್ಟ ಟಾಕೀಸೇ ಈಗಿಲ್ಲ. ಕೆಂಪೇಗೌಡರು 1537ರಲ್ಲಿ ಮಣ್ಣಿನಲ್ಲಿ ಕಟ್ಟಿಸಿದ ಕೋಟೆ, ಹೈದರಾಲಿ ಕಲ್ಲಿನಲ್ಲಿ ಗಟ್ಟಿ ಮಾಡಿಸಿದ ಕೋಟೆ, ಈಗ ಕೃಷ್ಣರಾಜ ಮಾರುಕಟ್ಟೆಯ ಹತ್ತಿರ ಒಂದು ತುಂಡು ಉಳಿದಿದೆ. ಪಕ್ಕದಲ್ಲೇ ದಿನಾ ಹಾದುಹೋಗುವವರಿಗೂ ಅದು ಕೋಟೆ ಅಂತ ಗೊತ್ತಿರುವುದಿಲ್ಲ.

ಅಷ್ಟು ಹಳೆಯದು ಬಿಡಿ. ಎಂ.ಜಿ. ರಸ್ತೆಯ ಬೊಲೆವಾರ್ಡ್ ನೆನಪಿದೆಯಾ? ಪರೇಡ್ ಮೈದಾನದ ಕಡೆಗೆ ಮರಗಳ ನೆರಳಿನಲ್ಲಿ ಉದ್ದಕ್ಕೂ ನಡೆಯುವ ದಾರಿ, ಕಾಗದದ ಹೂವಿನ ಬಳ್ಳಿ, ಕೂರಲು ಜಾಗ. 2009ರಲ್ಲಿ ಮೆಟ್ರೋಗಾಗಿ ತೆಗೆದರು. 2011ರ ಅಕ್ಟೋಬರ್‌ನಲ್ಲಿ ಮೊದಲ ರೈಲು ಓಡಿತು. ಅಲ್ಲಿ ಸಂಜೆ ಕಳೆದವರು ಲಕ್ಷಾಂತರ ಜನ. ಈಗ ಅವರನ್ನು ನಿಲ್ಲಿಸಿ, ಮೆಟ್ಟಿಲು ಯಾವ ಅಂಗಡಿಯ ಎದುರಿಗಿತ್ತು ಅಂತ ಕೇಳಿ ನೋಡಿ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇಷ್ಟು ಬೇಗ ಮರೆಯುವವರು ನಾವು.

ಇನ್ನೊಂದು ವಿಷಯ. 1860ರ ದಶಕದಿಂದ ಇಂಗ್ಲಿಷ್ ಫೋಟೋಗ್ರಾಫರುಗಳು ಬೆಂಗಳೂರನ್ನು ತೆಗೆದಿದ್ದಾರೆ. ಏನನ್ನು ತೆಗೆದರು? ಅರಮನೆ, ಚರ್ಚು, ಪರೇಡ್ ಮೈದಾನ, ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿ. ಅವೆಲ್ಲ ದೊಡ್ಡ ದೊಡ್ಡ ಗ್ರಂಥಾಲಯಗಳಲ್ಲಿ ಜೋಪಾನವಾಗಿವೆ. ಆದರೆ ಅವೆನ್ಯೂ ರಸ್ತೆಯ ಪಾತ್ರೆ ಅಂಗಡಿಯನ್ನು, ಬಳೇಪೇಟೆಯ ಜಗಲಿಯನ್ನು, ನಿಮ್ಮ ಬೀದಿಯ ಮೂಲೆಯ ಹೋಟೆಲನ್ನು ಕೆಲಸ ಬಿಟ್ಟು ಬಂದು ಯಾರು ತೆಗೆಯುತ್ತಾರೆ? ಅವು ಸಿಗುವುದು ಒಂದೇ ಕಡೆ. ನಿಮ್ಮ ಚಿಕ್ಕಪ್ಪ ಹೊಸ ಸೈಕಲ್ ಹಿಡಿದುಕೊಂಡು ತೆಗೆಸಿಕೊಂಡ ಫೋಟೋದಲ್ಲಿ, ಚಿಕ್ಕಪ್ಪನ ಹೆಗಲ ಆಚೆ. ನಾನು ನಿಮ್ಮ ಮನೆಯ ಆಲ್ಬಂ ಕೇಳುವುದು ಚಿಕ್ಕಪ್ಪನನ್ನು ನೋಡೋಕಲ್ಲ. ಹೆಗಲ ಆಚೆ ಇರುವುದನ್ನು ನೋಡೋಕೆ.

ಒಂದು ಘಟನೆ ಹೇಳುತ್ತೇನೆ.

ಚಾಮರಾಜಪೇಟೆಯ ಒಂದು ಮನೆಯವರು ನನ್ನನ್ನು ಕರೆದರು. ಹಳೆಯ ಮನೆ, ಭಾಗವಾಗುವುದರಲ್ಲಿತ್ತು. ಸಾಮಾನೆಲ್ಲ ಹಂಚಿಕೊಂಡಾಗಿತ್ತು, ಫೋಟೋ ಮಾತ್ರ ಯಾರಿಗೂ ಬೇಡ. ಅದರೊಳಗೆ ಅಂಗೈಯಗಲದ ಒಂದು ಕಪ್ಪು ಬಿಳುಪು ಫೋಟೋ. ಹದಿನೇಳು ಹದಿನೆಂಟರ ಹುಡುಗ. ಪಂಚೆ ಎತ್ತಿ ಕಟ್ಟಿದ್ದಾನೆ, ಅರ್ಧ ತೋಳಿನ ಅಂಗಿ, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ತಲೆ. ಸೈಕಲ್ಲಿನ ಮುಂದೆ ಸೀಮೆಎಣ್ಣೆ ದೀಪ, ಹಿಂದೆ ಕ್ಯಾರಿಯರಿಗೆ ಹಗ್ಗ ಹಾಕಿ ಕಟ್ಟಿದ ಮೂರು ಅಂತಸ್ತಿನ ಟಿಫಿನ್ ಡಬ್ಬ. ಅವನ ಹಿಂದೆ ಒಂದು ಚೂಪು ತುದಿಯ ಸ್ತಂಭ.

‘ಇದು ಶ್ರೀರಂಗಪಟ್ಟಣ ಸಾರ್,’ ಅಂದರು ಮನೆಯ ಯಜಮಾನರು. ‘ಕೋಟೆ ಹತ್ತಿರ ಇಂಥದ್ದೇ ಕಂಬ ಇದೆ. ನಾನೇ ನೋಡಿದೀನಿ.’

ಇದೆ, ನಿಜ. 1799ರ ಯುದ್ಧದಲ್ಲಿ ಸತ್ತ ಇಂಗ್ಲಿಷರ ನೆನಪಿಗೆ 1907ರಲ್ಲಿ ನಿಲ್ಲಿಸಿದ್ದು. ಆದರೆ ಅದು ಕೋಟೆಯ ಗೋಡೆಯ ಮೇಲೆ ಹೊಳೆ ಕಡೆಗಿದೆ. ಇಲ್ಲಿ ನೋಡಿದರೆ ಹುಡುಗನ ಪಕ್ಕದಲ್ಲಿ ಒಂದು ಜಟಕಾ, ಅದರ ಆಚೆ ಮೊಂಡು ಗೋಡೆ, ಗೋಡೆಯ ಮೇಲೆ ಹರಿದ ಸಿನಿಮಾ ಪೋಸ್ಟರು. ಹೊಳೆ ಎಲ್ಲಿ ಬಂತು? ಅವರ ತಂಗಿ ‘ಅಲ್ಲಣ್ಣ, ಇದು ಮದರಾಸು’ ಅಂದರು. ಇನ್ನೊಬ್ಬರು ದೆಹಲಿ ಅಂದರು. ದೆಹಲಿಯಲ್ಲಿ ಹೀಗೆ ಪಂಚೆ ಎತ್ತಿ ಕಟ್ಟಿಕೊಂಡು ಟಿಫಿನ್ ಡಬ್ಬ ಒಯ್ಯುತ್ತಾರಾ?

ನಾನು ಭೂತಗನ್ನಡಿ ತೆಗೆದೆ. ಪೋಸ್ಟರಿನಲ್ಲಿ ಉಳಿದಿದ್ದು ‘ರ ಕಣ್ಣ’ ಅನ್ನುವಷ್ಟೇ. ಕನ್ನಡ ಅಕ್ಷರ. ಈಗ ನೀವೇ ಹೇಳಿ. ‘ಬೇಡರ ಕಣ್ಣಪ್ಪ’! ರಾಜಕುಮಾರ್ ನಾಯಕರಾದ ಮೊದಲ ಚಿತ್ರ, 1954. ಆಮೇಲೆ ಸ್ತಂಭದ ಬುಡ ನೋಡಿದೆ. ನನ್ನ ಹತ್ತಿರ ಇದ್ದ ಇನ್ನೊಂದು ಫೋಟೋದ ಪಕ್ಕ ಇಟ್ಟೆ. ಸಂಶಯವೇ ಇಲ್ಲ. ಅದು ಕಾರ್ಪೊರೇಷನ್ ಮುಂದಿದ್ದ ಸೆನೋಟಾಫ್.

ಕಿರಿಯರಿಗೆ ಹೇಳಿಬಿಡುತ್ತೇನೆ. ಹಡ್ಸನ್ ಸರ್ಕಲ್‌ನಲ್ಲಿ ಇಂಗ್ಲಿಷರು ಒಂದು ಸ್ಮಾರಕ ನಿಲ್ಲಿಸಿದ್ದರು. ಮೈಸೂರು ಯುದ್ಧಗಳಲ್ಲಿ, ಅಂದರೆ ಹೈದರ್, ಟಿಪ್ಪು ವಿರುದ್ಧ ಹೋರಾಡಿ ಸತ್ತ ತಮ್ಮ ಕಡೆಯವರ ನೆನಪಿಗೆ. ಅಲ್ಲಿಂದ ಹೊರಡುವ ರಸ್ತೆಗೂ ಸೆನೋಟಾಫ್ ರಸ್ತೆ ಅಂತಲೇ ಹೆಸರಿತ್ತು. ಈಗ ಅದು ನೃಪತುಂಗ ರಸ್ತೆ. ಸ್ವಾತಂತ್ರ್ಯ ಬಂದಮೇಲೆ, ನಮ್ಮ ಊರನ್ನು ಗೆಲ್ಲೋಕೆ ಬಂದವರ ಸ್ಮಾರಕ ನಮಗ್ಯಾಕೆ ಅಂತ ಜನ ಕೇಳಿದರು. ಕೇಳಬೇಕಾದ್ದೇ. 1964ರಲ್ಲಿ ಅದನ್ನು ಕೆಡವಿದರು. ಈಗ ಅಲ್ಲಿ ಕಾರ್ಪೊರೇಷನ್ ಮುಂದೆ ಕೆಂಪೇಗೌಡರ ಪ್ರತಿಮೆ ಇದೆ. ಕೆಡವಿದ್ದು ಸರಿಯೋ ತಪ್ಪೋ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ಅಲ್ಲಿ ಏನಿತ್ತು ಅಂತಾದರೂ ಗೊತ್ತಿರಬೇಕು, ಅಲ್ವಾ?

ಹಾಗಾದರೆ ಫೋಟೋ 1954ರಿಂದ 1964ರ ಒಳಗಿನದು. ಪೋಸ್ಟರು ಹರಿದಿರುವುದು ನೋಡಿದರೆ 54 ಅಥವಾ 55. ನನಗೆ ಎಷ್ಟು ಖುಷಿಯಾಯಿತು ಅಂದರೆ, ಅವರು ಕೊಟ್ಟ ಕಾಫಿ ಆರಿ ತಣ್ಣಗಾಗಿತ್ತು. ‘ಈ ಹುಡುಗ ಯಾರು?’ ಅಂತ ಕೇಳಿದೆ.

ಯಾರಿಗೂ ಗೊತ್ತಿಲ್ಲ.

ದೊಡ್ಡಪ್ಪ ಇರಬಹುದು ಅಂದರು. ಇಲ್ಲ, ದೊಡ್ಡಪ್ಪ ಕನ್ನಡಕ ಹಾಕುತ್ತಿದ್ದರು. ಔಟ್‌ಹೌಸಿನಲ್ಲಿ ಬಾಡಿಗೆಗಿದ್ದ ಹುಡುಗ ಇರಬೇಕು ಅಂದರು. ವಾರಾನ್ನಕ್ಕೆ ಬರುತ್ತಿದ್ದ ಹುಡುಗ ಅಂದರು. ‘ಅಮ್ಮನಿಗೆ ಗೊತ್ತಿತ್ತು. ಅಮ್ಮ ಹೋದ ವರ್ಷ ಹೋದರು’ ಅಂದರು. ನಾನು ಫೋಟೋ ತಿರುಗಿಸಿದೆ. ಹಿಂದೆ ಬರವಣಿಗೆ ಇತ್ತು! ಪೆನ್ಸಿಲಿನಲ್ಲಿ, ಮುತ್ತಿನಂಥ ಅಕ್ಷರ. ಏನು ಬರೆದಿತ್ತು ಗೊತ್ತೇ? ‘ತೊಗರಿಬೇಳೆ 2 ಸೇರು. ಬೆಲ್ಲ 1 ಅಚ್ಚು. ಸಾಸಿವೆ, ಇಂಗು.’ ಪೆನ್ಸಿಲ್ ಕೈಯಲ್ಲಿತ್ತು, ಫೋಟೋ ಕೈಯಲ್ಲಿತ್ತು, ಹುಡುಗ ಯಾರು ಅಂತ ಗೊತ್ತಿತ್ತು. ಬರೆದದ್ದು ದಿನಸಿ ಲೆಕ್ಕ.

ಇಡೀ ಮಧ್ಯಾಹ್ನ ಕೂತು ಸ್ತಂಭದ ಗುರುತು ಹಿಡಿದೆವು, ವರ್ಷ ಹಿಡಿದೆವು. ಹುಡುಗನ ಹೆಸರು ಮಾತ್ರ ಇನ್ನು ಯಾವ ಭೂತಗನ್ನಡಿಗೂ ಸಿಗುವುದಿಲ್ಲ. ಅದಕ್ಕೇ ಹೇಳುವುದು. ಬರೆಯಿರಿ. ಗೊತ್ತಿರುವವರು ಮನೆಯಲ್ಲಿ ಇರುವಾಗಲೇ ಕೇಳಿ ಬರೆಯಿರಿ. ಹಿಂದೆ ಏನೂ ಬರೆಯದ ಫೋಟೋ ವಿಳಾಸ ಬರೆಯದ ಕಾರ್ಡಿದ್ದಂತೆ. ಎಷ್ಟು ಚೆನ್ನಾಗಿದ್ದರೇನು, ಯಾರ ಮನೆಗೂ ಹೋಗಿ ಸೇರುವುದಿಲ್ಲ.

ಕಥೆಯಲ್ಲಿ ಹೊತ್ತು ಹೋಯಿತು. ಫೋಟೋ ನೋಡುವುದು ಹೇಗೆ ಅಂತ ಬೇಗ ಬೇಗ ಹೇಳಿಬಿಡುತ್ತೇನೆ.

ರಸ್ತೆಯಲ್ಲಿ ಕರೆಂಟ್ ಕಂಬ ಇದ್ದರೆ ಫೋಟೋ 1905ರ ನಂತರದ್ದು. ಬೆಂಗಳೂರಿಗೆ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು ಆ ವರ್ಷ. ಎಂ.ಜಿ. ರಸ್ತೆಯಲ್ಲಿ ಪ್ಲಾಜಾ ಟಾಕೀಸು ಕಂಡರೆ 1936ರ ಈಚೆಗೆ. ದೂರದಲ್ಲಿ ವಿಧಾನಸೌಧದ ಗುಮ್ಮಟ ಪೂರ್ತಿಯಾಗಿ ಕಂಡರೆ 1956ರ ಹೊತ್ತಿನದು ಅಥವಾ ಆಮೇಲಿನದು. ಗಾಡಿಯ ನಂಬರು ‘ಕೆಎ’ ಅಂತ ಶುರುವಾದರೆ 1989ರ ಈಚೆಗೆ. ಇವನ್ನು ಮಕ್ಕಳಿಗೆ ಹೇಳಿಕೊಡಿ, ಆಟದ ಹಾಗೆ ಕಲಿಯುತ್ತಾರೆ.

ನೆರಳು ನೋಡಿ. ಎಂ.ಜಿ. ರಸ್ತೆಯ ಅಂಗಡಿಗಳೆಲ್ಲ ದಕ್ಷಿಣದ ಬದಿಗಿವೆ, ಉತ್ತರಕ್ಕೆ ಮುಖ ಮಾಡಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಮಧ್ಯಾಹ್ನದ ಸೂರ್ಯ ತಲೆಯಿಂದ ಸ್ವಲ್ಪ ಉತ್ತರಕ್ಕಿರುತ್ತಾನೆ. ಆಗ ಮಾತ್ರ ಆ ಅಂಗಡಿಗಳ ಮುಖಕ್ಕೆ ಮಧ್ಯಾಹ್ನದ ಬಿಸಿಲು. ಡಿಸೆಂಬರ್‌ನಲ್ಲಿ ಇಡೀ ದಿನ ನೆರಳು. ತಿಂಗಳನ್ನೂ ಹೀಗೆ ಹಿಡಿಯಬಹುದು!

ಫೋಟೋ ಎಡಬಲ ಬದಲಾಗಿ ಅಚ್ಚಾಗಿರುವುದೂ ಉಂಟು. ಅಂಗಡಿ ಬೋರ್ಡಿನ ಅಕ್ಷರ ನೋಡಿ. ಬೋರ್ಡಿಲ್ಲದಿದ್ದರೆ ಗಂಡಸರ ಅಂಗಿಯ ಜೇಬು ನೋಡಿ. ತೊಟ್ಟವರ ಎಡಗಡೆ ಇರಬೇಕು. ಎಲ್ಲರ ಜೇಬೂ ಅವರವರ ಬಲಗಡೆ ಇದ್ದರೆ ಫೋಟೋ ತಿರುಗಿದೆ ಅಂತ ಅರ್ಥ.

ಮತ್ತೆ, ಮೊಬೈಲಿನಲ್ಲಿ ಓಡಾಡುವ ಹಳೆಯ ಫೋಟೋ ನೋಡಿ ‘ಆಹಾ, ಆಗ ಬೆಂಗಳೂರು ಎಷ್ಟು ಖಾಲಿ ಇತ್ತು, ಒಬ್ಬರೂ ಇಲ್ಲ’ ಅಂತ ನಿಟ್ಟುಸಿರು ಬಿಡುವವರಿಗೆ ಒಂದು ಮಾತು. 1860ರ, 70ರ ದಶಕದ ಕ್ಯಾಮೆರಾ ಒಂದು ಫೋಟೋಗೆ ಹಲವು ಸೆಕೆಂಡು ಕಣ್ಣು ತೆರೆದಿರಬೇಕಿತ್ತು. ನಿಂತವರು ಬಿದ್ದರು, ನಡೆಯುತ್ತಿದ್ದವರು ಬೀಳಲಿಲ್ಲ. ಜನ ಇದ್ದರು ಸ್ವಾಮಿ. ಚೆನ್ನಾಗಿ ನೋಡಿದರೆ ಮಂಜು ಮಂಜಾಗಿ ಕಾಣುತ್ತಾರೆ.

ಇನ್ನು ಬರೆಯುವ ಕ್ರಮ. ಮೆತ್ತನೆಯ ಪೆನ್ಸಿಲ್, 2ಬಿ ಅಥವಾ 4ಬಿ. ಫೋಟೋವನ್ನು ಗಾಜಿನ ಮೇಲೆ ಮಗುಚಿ ಇಡಿ, ಅಂಚಿನಲ್ಲಿ ಒತ್ತದೆ ಬರೆಯಿರಿ. ಬಾಲ್ ಪೆನ್ ಬೇಡ. ಒತ್ತಿದ ಗೀರು ಮುಂದೆ ಮೂಡುತ್ತದೆ, ಅದೂ ಮುಖದ ಮೇಲೇ ಮೂಡುತ್ತದೆ. ಸೆಲ್ಲೋಟೇಪ್ ಬೇಡ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಬಣ್ಣದ ಫೋಟೋದ ಹಿಂದೆ ಪೆನ್ಸಿಲ್ ಹತ್ತುವುದಿಲ್ಲ. ಅದಕ್ಕೆ ಮೊದಲು ಕಾಗದದ ಲಕೋಟೆಯ ಮೇಲೆ ಬರೆಯಿರಿ, ಆಮೇಲೆ ಫೋಟೋವನ್ನು ಅದರೊಳಗೆ ಹಾಕಿ. ಮೇಲೆ ಪ್ಲಾಸ್ಟಿಕ್ ಹಾಳೆ, ಒಳಗೆ ಅಂಟು ಇರುವ ಆಲ್ಬಂ ಬರುತ್ತಿತ್ತಲ್ಲ, ಅದರಲ್ಲಿರುವುದನ್ನು ಹೊರಗೆ ತೆಗೆಯಿರಿ. ಉಗುರು ಹಾಕಿ ಕೀಳಬೇಡಿ. ತೆಳ್ಳಗಿನ ದಾರವನ್ನು ಫೋಟೋದ ಅಡಿಗೆ ತೂರಿಸಿ, ಅತ್ತಿತ್ತ ಎಳೆಯುತ್ತಾ ನಿಧಾನಕ್ಕೆ ಬಿಡಿಸಿ. ಬಿಡಿಸುವ ಮುಂಚೆ ಮೊಬೈಲಿನಲ್ಲಿ ಒಂದು ಪ್ರತಿ ತೆಗೆದುಕೊಳ್ಳಿ.

‘ನಮ್ಮದೆಲ್ಲ ಸ್ಕ್ಯಾನ್ ಮಾಡಿಸಿಬಿಟ್ಟಿದೀವಿ’ ಅನ್ನುತ್ತಾರೆ ಕೆಲವರು. ಒಳ್ಳೆಯದು. ಆ ಫೈಲಿನ ಹೆಸರೇನು? ಬರೀ ನಂಬರು! ಸ್ಕ್ಯಾನ್ ಮಾಡಿದರೆ ಊರಿನ ಹೆಸರು ತಾನಾಗಿ ಬರುತ್ತದೆಯೇ? ಅಲ್ಲೂ ಬರೆಯಬೇಕು.

ಸೇತುವೆಗಳ ಬಗ್ಗೆ ಹೇಳುವುದು ಉಳಿದೇ ಹೋಯಿತು. ಬೆಂಗಳೂರಿಗೆ ದೊಡ್ಡ ಹೊಳೆಯಿಲ್ಲ, ಸೇತುವೆ ನೋಡಬೇಕೆಂದರೆ ಕಾವೇರಿಯ ಕಡೆಗೇ ಹೋಗಬೇಕು. ಶಿವನಸಮುದ್ರದಲ್ಲಿ ಕಲ್ಲುಕಂಬಗಳ ಹಳೆಯ ಸೇತುವೆ ಇದೆಯಲ್ಲ, 2018ರ ಪ್ರವಾಹದಲ್ಲಿ ಅದರ ಒಂದಷ್ಟು ಭಾಗ ಕೊಚ್ಚಿಹೋಯಿತು. ಗಗನಚುಕ್ಕಿ, ಭರಚುಕ್ಕಿಗೆ ಶಾಲೆಯಿಂದ ಪ್ರವಾಸ ಹೋದವರು, ಮದುವೆಯಾದ ಹೊಸದರಲ್ಲಿ ಹೋದವರು, ಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡೇ ಇರುತ್ತೀರಿ. ಹುಡುಕಿ. ಇಡೀ ಸೇತುವೆ ನಿಮ್ಮ ಆಲ್ಬಮ್ಮಿನಲ್ಲಿ ಇರಬಹುದು. ಸಿಕ್ಕಿದರೆ ಹಿಂದೆ ‘ಶಿವನಸಮುದ್ರ’ ಅಂತ ಬರೆಯಿರಿ, ವರ್ಷ ಹಾಕಿ.

ಗಾಜಿನ ಆಚೆಯಿಂದ ಸಮಯ ಆಯಿತು ಅಂತ ಕೈ ತೋರಿಸುತ್ತಿದ್ದಾರೆ. ಆಯಿತು, ಮುಗಿಸುತ್ತೇನೆ. ಬರೆಯುವಾಗ ‘ನಾನು, ಅಮ್ಮ, ಅಣ್ಣ’ ಅಂತ ಮಾತ್ರ ಬರೆಯಬೇಡಿ. ಐವತ್ತು ವರ್ಷ ಆದಮೇಲೆ ಅದನ್ನು ಓದುವವರಿಗೆ ಆ ‘ನಾನು’ ಯಾರು ಅಂತ ಗೊತ್ತಾಗಬೇಡವೇ? ಹೆಸರು ಬರೆಯಿರಿ. ನಮಸ್ಕಾರ.