ಮಗು ತುಂಬಾ ಚುರುಕು: ಬೇಗ ಒಂದನೇ ಕ್ಲಾಸಿಗೆ ಹಾಕಬೇಕಾ?

ನಮಸ್ಕಾರ. ಮಗುವಿಗೆ ಇನ್ನೂ ನಾಲ್ಕೂವರೆ ವರ್ಷ. ಆಗಲೇ ಅಂಗಡಿ ಬೋರ್ಡುಗಳನ್ನೆಲ್ಲ ಓದುತ್ತದೆ, ಚಿಲ್ಲರೆ ಲೆಕ್ಕ ಹಾಕುತ್ತದೆ. ಮನೆಯಲ್ಲಿ ಮಾತು ಶುರುವಾಗುತ್ತದೆ: "ಯುಕೆಜಿ ಬಿಡಿಸಿ ಒಂದನೇ ಕ್ಲಾಸಿಗೇ ಹಾಕೋಣ್ವಾ?"

ಅಜ್ಜಿ ಕಾಲದಲ್ಲಿ ಇದು ಸುಲಭವಿತ್ತು. ತಲೆ ಮೇಲಿಂದ ಕೈ ಹಾಕಿ ಆಚೆ ಕಿವಿ ಮುಟ್ಟಿದರೆ ಸಾಕು, ಮೇಷ್ಟ್ರು ಸೇರಿಸಿಕೊಳ್ಳುತ್ತಿದ್ದರು. ಎಷ್ಟೋ ಸಲ ಹುಟ್ಟಿದ ದಿನವನ್ನೂ ಅವರೇ ಬರೆದುಬಿಡುತ್ತಿದ್ದರು!

[ಪರದೆಯ ಮೇಲೆ: ಜೂನ್ 1, ಆರು ವರ್ಷ]

ಈಗ ಹಾಗಿಲ್ಲ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅಂತ ಕರ್ನಾಟಕ ಸರ್ಕಾರ 2022ರಲ್ಲಿ ಆದೇಶ ಮಾಡಿತು. ಪೋಷಕರ ಒತ್ತಾಯ ಜಾಸ್ತಿಯಾಗಿ, 2025-26ನೇ ಸಾಲಿಗೆ ಯುಕೆಜಿ ಮುಗಿಸಿದವರಿಗೆ 5 ವರ್ಷ 5 ತಿಂಗಳು ಸಾಕು ಅಂತ ಸಡಿಲಿಸಿದರು. ಸೇರಿಸುವ ಮುಂಚೆ ಆ ವರ್ಷದ ಆದೇಶವನ್ನೊಮ್ಮೆ ನೋಡಿ. ಅಂತೂ ಇಲ್ಲಿ ಕೇಳುವುದು ಮಗುವಿನ ವಯಸ್ಸನ್ನು, ಜಾಣತನವನ್ನಲ್ಲ.

ಹಾಗಾದರೆ ಜಾಣ ಮಗು ಸುಮ್ನೆ ಕಾಯಬೇಕಾ? ಗಣಿತಜ್ಞ ಟೆರೆನ್ಸ್ ಟಾವ್ ಕಥೆ ಕೇಳಿ.

[ಪರದೆಯ ಮೇಲೆ: ಅಡಿಲೇಡ್, ಆಸ್ಟ್ರೇಲಿಯಾ]

ಹುಟ್ಟಿದ್ದು 1975ರಲ್ಲಿ. ಎರಡು ವರ್ಷಕ್ಕೇ ಅಂಕಿ, ಅಕ್ಷರ ಗೊತ್ತು. ಮೂರೂವರೆ ವರ್ಷಕ್ಕೆ ಅಪ್ಪ ಅಮ್ಮ ಒಂದು ಖಾಸಗಿ ಶಾಲೆಗೆ ಹಾಕಿದರು. ಆರೇ ವಾರದಲ್ಲಿ ಬಿಡಿಸಿದರು! ಪಾಠ ಬರುತ್ತಿತ್ತು, ಆದರೆ ದೊಡ್ಡ ಮಕ್ಕಳ ಜೊತೆ ದಿನವಿಡೀ ಕೂರುವುದಕ್ಕೆ ಅವನು ಇನ್ನೂ ಚಿಕ್ಕವನು. ವಾಪಸ್ ಕಿಂಡರ್‌ಗಾರ್ಟನ್‌. ಗಣಿತವನ್ನು ಮನೆಯಲ್ಲಿ ಅಮ್ಮನ ಜೊತೆ ಕಲಿತ. ಐದಕ್ಕೆ ಸರ್ಕಾರಿ ಶಾಲೆ ಸೇರಿದ. ಅಲ್ಲಿನ ಹೆಡ್‌ಮಾಸ್ಟರ್ ಒಂದೊಂದು ವಿಷಯಕ್ಕೆ ಒಂದೊಂದು ಕ್ಲಾಸಿನಲ್ಲಿ ಕೂರಲು ಬಿಟ್ಟರು. ಎಂಟು ವರ್ಷದ ಹೊತ್ತಿಗೆ ಹೈಸ್ಕೂಲಿನ ಗಣಿತ. 1988ರಲ್ಲಿ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಚಿನ್ನ. ಅಷ್ಟಾದರೂ ಪೂರ್ತಿಯಾಗಿ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದು ಹದಿನಾಲ್ಕರಲ್ಲಿ. 2006ರಲ್ಲಿ ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕವೂ ಬಂತು.

ನಮ್ಮ ಮಕ್ಕಳೆಲ್ಲ ಟಾವ್ ಅಲ್ಲ ಬಿಡಿ. ನನಗೆ ಮುಖ್ಯ ಅನಿಸುವುದು ಆ ಅಪ್ಪ ಅಮ್ಮನ ರೀತಿ. ಹಾಕಿ ನೋಡಿದರು, ಒಗ್ಗಲಿಲ್ಲ, ಮರ್ಯಾದೆ ಪ್ರಶ್ನೆ ಮಾಡಿಕೊಳ್ಳದೆ ಹಿಂದೆ ತಂದರು. ಆಮೇಲೆ ಅವನಿಗೆ ಬಲ ಇದ್ದ ವಿಷಯದಲ್ಲಿ ಮಾತ್ರ ಮುಂದೆ ಬಿಟ್ಟರು.

ಇನ್ನೊಂದು ಮಾತು, ಸ್ವಲ್ಪ ಖಾರ ಅನಿಸಬಹುದು. ಬಾಯಿಪಾಠ ಮಾಡಿಸಿದ ಮಗ್ಗಿ, ರಾಜಧಾನಿಗಳ ಹೆಸರು ನೋಡಿ ಮರುಳಾಗಬೇಡಿ. ಯಾರೂ ಹೇಳಿಕೊಡದೆ ಏನನ್ನು ಹುಡುಕಿಕೊಂಡು ಹೋಗುತ್ತದೆ, ಎಂಥ ಪ್ರಶ್ನೆ ಕೇಳುತ್ತದೆ, ಅದನ್ನು ನೋಡಿ. ಪೆನ್ಸಿಲ್ ಹಿಡಿಯುವ ಬೆರಳಿಗೆ ಶಕ್ತಿ ಬಂದಿದೆಯಾ? ಬಾತ್‌ರೂಮಿಗೆ ಹೋಗಬೇಕು ಅಂತ ಟೀಚರ್ ಹತ್ತಿರ ಹೇಳುತ್ತಾ? ಆಟದಲ್ಲಿ ಸೋತರೆ ಎಷ್ಟು ಹೊತ್ತು ಅಳುತ್ತೆ? ಕ್ಲಾಸಿನಲ್ಲಿ ಇವೂ ಲೆಕ್ಕಕ್ಕೆ ಬರುತ್ತವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಗತಿಯ ಅತಿ ಚಿಕ್ಕ ಮಕ್ಕಳಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಅಂತ ಹಣೆಪಟ್ಟಿ ಬೀಳುವುದು ಜಾಸ್ತಿ ಅಂತ ಕಂಡುಬಂತು. ಎಳೆತನವನ್ನೇ ಕಾಯಿಲೆ ಅಂದುಕೊಳ್ಳುವ ಅಪಾಯ ಇದೆ.

ಶಾಲೆ ನೋಡಲು ಹೋದಾಗ "ಒಂದು ಕ್ಲಾಸ್ ಮುಂದೆ ಹಾಕ್ತೀರಾ?" ಅನ್ನಬೇಡಿ. "ಗಣಿತದ ಪೀರಿಯಡ್ಡಿಗೆ ಮಾತ್ರ ಮೇಲಿನ ಕ್ಲಾಸಿಗೆ ಕಳಿಸ್ತೀರಾ? ಬೇಗ ಮುಗಿಸಿದರೆ ಲೈಬ್ರರಿಗೆ ಬಿಡ್ತೀರಾ?" ಅಂತ ಕೇಳಿ. ಟೈಮ್‌ಟೇಬಲ್ ಹೊಂದಲ್ಲ ಅಂದರೆ ವಾರಕ್ಕೆ ಎರಡು ಪೀರಿಯಡ್ಡಿಗಾದರೂ ಒಪ್ಪಿಸಿ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಅಂದರೆ ನಿಯಾಸ್, ಪ್ರತಿಭಾವಂತ ಮಕ್ಕಳನ್ನು ಗುರುತಿಸುವ ಬಗ್ಗೆ ಕೆಲಸ ಮಾಡಿದೆ. ಅವರ ಬರಹಗಳನ್ನು ಹುಡುಕಿ ಓದಿ, ಟೀಚರಿಗೂ ತೋರಿಸಿ.