ನಿದ್ದೆ ಕೊಟ್ಟ ಮಾತ್ರೆಯೇ ತೂಕ ಯಾಕೆ ಏರಿಸುತ್ತದೆ?

ನಮಸ್ಕಾರ. ನೋಡುಗರೊಬ್ಬರ ಪ್ರಶ್ನೆ ವಾರದಿಂದ ನನ್ನ ತಲೆಯಲ್ಲೇ ಕೂತಿದೆ. "ಮಾತ್ರೆ ಶುರುವಾದ ಮೇಲೆ ರಾತ್ರಿ ನಿದ್ದೆ ಬರುತ್ತಿದೆ, ಮನಸ್ಸು ಹಿಡಿತದಲ್ಲಿದೆ. ಆದರೆ ಹಳೇ ಪ್ಯಾಂಟ್ ಒಂದೂ ಹಿಡಿಸುತ್ತಿಲ್ಲ. ನಿದ್ದೆ ಇಟ್ಟುಕೊಂಡು ತೂಕ ಮಾತ್ರ ವಾಪಸ್ ಕೊಡೋಕಾಗಲ್ವಾ?"

ಮಾತು ಓಲಾನ್ಜಪಿನ್, ಕ್ಲೋಜಪಿನ್, ಕ್ವೆಟಿಯಾಪಿನ್, ಮಿರ್ಟಜಪಿನ್ ತರದ ಮಾನಸಿಕ ಕಾಯಿಲೆಗಳ ಔಷಧಿಗಳದ್ದು. ಮೆದುಳಿನ ರಾಸಾಯನಿಕಗಳಲ್ಲಿ ಡೋಪಮೈನ್ ಕಥೆ ಎಲ್ಲರೂ ಹೇಳಿದ್ದಾರೆ, ಬಿಡಿ. ನನಗೆ ಮಜಾ ಅನಿಸಿದ್ದು ಹಿಸ್ಟಮಿನ್.

ಹೌದು, ಅಲರ್ಜಿಯಲ್ಲಿ ಸೀನು ತರಿಸುವ ಅದೇ ಹಿಸ್ಟಮಿನ್! ಮೆದುಳಿನೊಳಗೆ ಅದಕ್ಕೆ ಬೇರೆ ನೌಕರಿ. ಹಗಲೆಲ್ಲ ನಮ್ಮನ್ನು ಎಚ್ಚರವಾಗಿಡುವ ಕಾವಲುಗಾರ ಅದು. ಹಳೇ ಕಾಲದ ಅಲರ್ಜಿ ಮಾತ್ರೆ ನುಂಗಿ ತೂಕಡಿಸಿದ್ದೀರಲ್ವಾ? ಕಾವಲುಗಾರನನ್ನು ಮಲಗಿಸಿದ್ದರ ಫಲ. ಆದರೆ ಇವನು ಇನ್ನೊಂದು ಬಾಗಿಲನ್ನೂ ಕಾಯುತ್ತಾನೆ. ಊಟದ ಮಧ್ಯೆ "ಸಾಕು, ಏಳು" ಅನ್ನುವವರಲ್ಲಿ ಇವನೂ ಒಬ್ಬ. ನಮ್ಮ ಈ ಮಾತ್ರೆಗಳು ಮಲಗಿಸುವುದೂ ಇವನನ್ನೇ. ಇವನು ಮಲಗಿದರೆ ಎರಡೂ ಬಾಗಿಲು ಸಡಿಲ.

ಸೈಪ್ರೊಹೆಪ್ಟಡಿನ್ ಅಂತ ಒಂದು ಅಲರ್ಜಿ ಔಷಧಿ ಇದೆ. ಹಸಿವೇ ಇಲ್ಲದವರಿಗೆ ಹಸಿವು ಹುಟ್ಟಿಸಲು ವೈದ್ಯರು ಅದನ್ನೇ ಬರೆಯುವುದುಂಟು! ಡಾಕ್ಸೆಪಿನ್ ಖಿನ್ನತೆಯ ಹಳೇ ಮಾತ್ರೆ. 2010ರಲ್ಲಿ ಅಮೆರಿಕ ಅದನ್ನು ಬರೀ 3 ಮತ್ತು 6 ಮಿಲಿಗ್ರಾಂ ಅಳತೆಯಲ್ಲಿ ನಿದ್ದೆ ಮಾತ್ರೆಯಾಗಿ ಒಪ್ಪಿತು. ಅಷ್ಟು ಚಿಕ್ಕ ಡೋಸ್ ಮುಟ್ಟುವುದು ಮುಖ್ಯವಾಗಿ ಈ ಹಿಸ್ಟಮಿನ್ ಕಾವಲುಗಾರನನ್ನೇ. 2007ರಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಕ್ಲೋಜಪಿನ್ ಕೊಟ್ಟಾಗ ಮೆದುಳಿನಲ್ಲಿ ಹಸಿವು ಹೆಚ್ಚಿಸುವ ಒಂದು ಕಿಣ್ವ ಚುರುಕಾಯಿತು. ಹಿಸ್ಟಮಿನ್ ಗ್ರಾಹಕವೇ, ಅಂದರೆ ಹಿಸ್ಟಮಿನ್ ಬಂದು ಕೂರುವ ಜಾಗವೇ, ಇಲ್ಲದ ಇಲಿಗಳಲ್ಲಿ ಹಾಗಾಗಲಿಲ್ಲ. ನಾನಂತೂ ಇದನ್ನು ಎರಡು ಸಲ ಓದಿದೆ.

ಸೆರೊಟೋನಿನ್ ಅನ್ನುವ ಇನ್ನೊಂದು ಮೆದುಳಿನ ರಾಸಾಯನಿಕದ ಕೈವಾಡವೂ ಇದೆ, ಅದಿರಲಿ. ಆದ್ದರಿಂದ "ಬಾಯಿ ಕಟ್ಟಿದರೆ ಸಾಕಿತ್ತು" ಅಂತ ಸುಲಭವಾಗಿ ಹೇಳುವವರ ಮೇಲೆ ನನಗೆ ಸಿಟ್ಟು. ಬಾಯಿ ಕಟ್ಟಲು ಹೇಳುವ ಭಾಗವನ್ನೇ ಮಾತ್ರೆ ಮಲಗಿಸಿದೆಯಲ್ಲ!

ಹಾಗಂತ ನಿದ್ದೆ ಸಣ್ಣ ಲಾಭವಲ್ಲ. ಬೈಪೋಲಾರ್, ಅಂದರೆ ಉನ್ಮಾದ ಮತ್ತು ಖಿನ್ನತೆ ಬಂದು ಹೋಗುವ ಕಾಯಿಲೆ, ಇರುವವರಲ್ಲಿ ಕೆಲವರಿಗೆ ನಿದ್ದೆಗೆಟ್ಟ ರಾತ್ರಿಗಳೇ ಉನ್ಮಾದಕ್ಕೆ ದಾರಿ ಮಾಡುತ್ತವೆ. ಆದರೆ ಒಂದು ತೊಡಕಿದೆ. ಮಂಪರು ಎಷ್ಟೋ ಜನರಿಗೆ ಕೆಲವು ವಾರಗಳಲ್ಲಿ ತಗ್ಗುತ್ತದೆ. ತೂಕ ಮಾತ್ರ ತಿಂಗಳುಗಟ್ಟಲೆ ಏರುತ್ತಾ ಹೋಗಬಹುದು. ಮೊದಲ ತಿಂಗಳು ಸರಿ ಅನಿಸಿದ ಲೆಕ್ಕವನ್ನು ಆರನೇ ತಿಂಗಳು ಮತ್ತೆ ಹಾಕಲೇಬೇಕು.

ಸಮಯ ಮುಗೀತಾ ಬಂತು, ಉಳಿದದ್ದು ಓಡಿಸುತ್ತೇನೆ. ಮಾತ್ರೆ ಶುರುವಿಗೆ ಮುಂಚೆ ತೂಕ, ಸೊಂಟದ ಅಳತೆ, ಸಕ್ಕರೆ, ಕೊಬ್ಬು ನೋಡಿಸಿ. ಆಮೇಲೆ 4, 8, 12ನೇ ವಾರ ತೂಕ ನೋಡಿ. ಒಂದೇ ತಿಂಗಳಲ್ಲಿ ಶೇ. 5ರಷ್ಟು ಏರಿದರೆ ಕಾಯಬೇಡಿ, ವೈದ್ಯರಿಗೆ ಹೇಳಿ. ಮಾನಸಿಕ ಕಾಯಿಲೆಯ ಬೇರೆ ಮಾತ್ರೆಗಳಾದ ಅರಿಪಿಪ್ರಜೋಲ್, ಲುರಾಸಿಡೋನ್ ಸಾಮಾನ್ಯವಾಗಿ ಅಷ್ಟು ತೂಕ ಏರಿಸುವುದಿಲ್ಲ, ಆದರೆ ಎಲ್ಲರಿಗೂ ಒಗ್ಗುವುದಿಲ್ಲ. ತೂಕ ತಡೆಯಲು ಜೊತೆಗೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಕೊಡುವುದೂ ಉಂಟು. ನೀವೇ ಮಾತ್ರೆ ನಿಲ್ಲಿಸಿದರೆ ಮೊದಲು ಹೋಗುವುದು ನಿದ್ದೆ, ಹಿಂದೆಯೇ ಕಾಯಿಲೆ ಮರಳಬಹುದು.

ಬೈಪೋಲಾರ್‌ಗೆ ಕೊಡುವ ಲಿಥಿಯಂ ಬಗ್ಗೆಯೂ ಕೇಳಿದ್ದೀರಿ. ಅಲ್ಲಿ ಬಾಯಾರಿಕೆಯ ಕಥೆಯೇ ಬೇರೆ, ಸಿಹಿ ಪಾನೀಯ ಕುಡಿದು ತೂಕ ಏರಿಸಿಕೊಂಡವರಿದ್ದಾರೆ. ಮುಂದಿನ ವಾರ ಅದೇ.