ಉಪ್ಪಿನಬೆಟಗೇರಿಯಿಂದ ಕೋಥ್ರೂಡ್‌ಗೆ

ಕೇಳುಗರಿಗೆ ನಮಸ್ಕಾರ.

ಧಾರವಾಡದ ಕಡೆಯಿಂದ ಪುಣೆಗೆ ಬಂದು ನೆಲೆಸಿದವರಿಗೆ ಉಪ್ಪಿನಬೆಟಗೇರಿ ಹೊಸ ಹೆಸರಲ್ಲ. ಕೊಲ್ಹಾಪುರ ಸೀಮೆಯ ತರುಣರೊಬ್ಬರು ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡು, 1930ರ ದಶಕದಲ್ಲಿ ಆ ಊರಿಗೆ ಬಂದು ಗ್ರಾಮಸೇವೆಗೆ ನಿಂತರು. ಅವರು ಜೆ. ಪಿ. ನಾಯಕ್. ಮುಂದೆ ದೇಶದ ಶಿಕ್ಷಣ ಹೇಗಿರಬೇಕೆಂದು ಸಲಹೆ ಕೊಡಲು ನೇಮಿಸಿದ ಕೊಠಾರಿ ಆಯೋಗದ ಸದಸ್ಯ-ಕಾರ್ಯದರ್ಶಿಯಾದದ್ದು ಇವರೇ. 1948ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ್ದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್ ಅನ್ನು 1976ರಲ್ಲಿ ನಮ್ಮ ಪುಣೆಗೆ ತಂದವರೂ ಇವರೇ. ಇಲ್ಲಿನ ಕೋಥ್ರೂಡ್ ಬಡಾವಣೆಯ ರಸ್ತೆಯೊಂದಕ್ಕೆ ಅವರ ಹೆಸರಿದೆ. ರಿಕ್ಷಾದವರಿಗೆ ಗೊತ್ತು, ನಮಗೆ ಮರೆತಿದೆ.

1951ರ ಜನಗಣತಿಯ ಹೊತ್ತಿಗೆ ಈ ದೇಶದಲ್ಲಿ ನೂರಕ್ಕೆ ಹದಿನೆಂಟು ಮಂದಿಗಷ್ಟೇ ಓದುಬರಹ ಬರುತ್ತಿತ್ತು. ಆದರೂ ಸಂವಿಧಾನದ 45ನೆಯ ವಿಧಿ, ಹದಿನಾಲ್ಕು ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸರ್ಕಾರಕ್ಕೆ ಹತ್ತೇ ವರ್ಷದ ವಾಯಿದೆ ಹಾಕಿತ್ತು. 1960 ಬಂತು, ಹೋಯಿತು. ಶಿಕ್ಷಣ ಹಕ್ಕಿನ ಕಾಯಿದೆ ಜಾರಿಯಾದದ್ದು 2010ರಲ್ಲಿ.

1964ರಲ್ಲಿ ನೇಮಕವಾದ ಕೊಠಾರಿ ಆಯೋಗ ಎರಡು ವರ್ಷದಲ್ಲಿ ವರದಿ ಕೊಟ್ಟಿತು. ಅದರಲ್ಲಿ ಜನರ ಬಾಯಲ್ಲಿ ಉಳಿದದ್ದು ಹತ್ತು, ಎರಡು, ಮೂರು ಎಂಬ ಲೆಕ್ಕ ಮಾತ್ರ: ಶಾಲೆ ಹತ್ತು ವರ್ಷ, ಅದರ ಮೇಲೆ ಎರಡು ವರ್ಷ, ಪದವಿಗೆ ಮೂರು ವರ್ಷ. ಇಲ್ಲಿ ಮಹಾರಾಷ್ಟ್ರದಲ್ಲಿ ಹನ್ನೊಂದನೆಯ ಇಯತ್ತೆಗೆ ಮುಗಿಯುತ್ತಿದ್ದ ಶಾಲೆ ಹತ್ತಕ್ಕೆ ಮುಗಿಯತೊಡಗಿತು. ಎಣಿಕೆ ಬದಲಿಸಿದರೆ ಯಾರ ಗಂಟೇನೂ ಹೋಗುವುದಿಲ್ಲವಲ್ಲ!

ಅದೇ ವರದಿ ನೆರೆಹೊರೆಯ ಶಾಲೆಯ ಮಾತನ್ನೂ ಆಡಿತ್ತು. ಒಂದು ಬಡಾವಣೆಯ ಮಕ್ಕಳೆಲ್ಲ, ಜಾತಿ ಯಾವುದಿರಲಿ, ಅಪ್ಪನ ಆದಾಯ ಎಷ್ಟಿರಲಿ, ಅಲ್ಲಿನ ಒಂದೇ ಶಾಲೆಗೆ ಹೋಗಬೇಕು. ಉಳ್ಳವರ ಮಕ್ಕಳೂ ಅಲ್ಲೇ ಕೂತರೆ ಆ ಶಾಲೆಯ ಸೋರುವ ಸೂರು ತಾನಾಗಿ ರಿಪೇರಿಯಾಗುತ್ತದೆ ಎಂಬುದು ಅದರೊಳಗಿನ ಜಾಣತನ. ಸಮಾನ ಶಾಲೆಯ ತತ್ವವನ್ನು 1968ರ ರಾಷ್ಟ್ರೀಯ ನೀತಿ ಒಪ್ಪಿಕೊಂಡಿತು. ಕಾಗದದ ಮೇಲೆ ಒಪ್ಪುವುದಕ್ಕೆ ಏನು ಕಷ್ಟ?

ನಮ್ಮ ಸೊಸೈಟಿಯ ಕಾವಲುಗಾರ ಕಲಬುರಗಿ ಕಡೆಯವನು. ಅವನ ಮಗಳು ದಿನಾ ಬೆಳಿಗ್ಗೆ ಪಾಲಿಕೆಯ ಶಾಲೆಗೆ ನಡೆದು ಹೋಗುತ್ತಾಳೆ. ನನ್ನ ಮೊಮ್ಮಗಳು ಅದೇ ಗೇಟಿನಲ್ಲಿ ಹಳದಿ ಬಸ್ ಹತ್ತುತ್ತಾಳೆ. ಇಬ್ಬರದೂ ಎರಡನೆಯ ಇಯತ್ತೆ. ಬಸ್ ಬರುವವರೆಗೆ ಇಬ್ಬರೂ ಕನ್ನಡದಲ್ಲಿ ಹರಟುತ್ತಾರೆ.

ಆ ಬಸ್ಸಿನ ಫೀಸು ಕಟ್ಟುವವನು ನಾನೇ.

ನಮಸ್ಕಾರ.